ಬೇರಿನ ಉಂಡೆ

ಮೇಸ್ತ್ರಿ ಪೆಟೂನಿಯಾದ ಒಂದು ಕುಂಡ ಎತ್ತಿದ. ಸಸಿಯ ತಲೆ ಅವನ ಹೆಬ್ಬೆರಳ ಮೇಲೆ ಜೋತುಬಿತ್ತು.

"ಇಡೀ ಮೇಜು ಹೀಗೇ ಇದೆ ಅಕ್ಕ. ನಿಮ್ಮ ನಾದಿನಿ ಅಷ್ಟು ಚೆನ್ನಾಗಿ ನೆಟ್ಟುಕೊಟ್ಟರೆ ನೀವು ನೀರು ಹಾಕೋದನ್ನೇ ಮರೆತ್ರಲ್ಲ?"

"ಹಾಕಿದ್ದೆ ಅನ್ಸುತ್ತಪ್ಪ," ಎಂದಳು ಅತ್ತಿಗೆ. ಪೈಪಿನ ತುದಿ ಇನ್ನೂ ಅವಳ ಕೈಯಲ್ಲೇ ಇತ್ತು.

"ಅನ್ಸಿದ್ರೆ ಸಸಿ ಬದುಕುತ್ತಾ? ಮೇಲೆ ನೋಡಿದ್ರೆ ಕೆಸರು. ಬಾಡಿದ್ಮೇಲೆ ಸುರಿದಿದ್ದೀರಿ. ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕ್ದಂಗೆ." ದನಿ ತಗ್ಗಿಸಿದ. "ಸೋಮವಾರದಿಂದ ಕುಂಡ ತೊಳೆಯೋ ಕಡೆ ಇರಿ. ಪೈಪು ಬೇರೆ ಯಾರಾದ್ರೂ ಹಿಡೀತಾರೆ."

ಪಕ್ಕದ ಮೇಜಿನಲ್ಲಿ ನಾದಿನಿ ತಲೆ ಎತ್ತದೆ ಸಸಿ ನೆಡುತ್ತಿದ್ದಳು. ಆ ಸಸಿಗಳು ಯಾಕೆ ಬಾಡಿದವೆಂದು ಹಸಿರುಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಎಳೆಯ ಸಸಿಗಳು ಹೊರಗಿನಿಂದ ಟ್ರೇಗಳಲ್ಲಿ ಬರುತ್ತವೆ. ಒಂದೊಂದು ಗುಳಿಯಲ್ಲೂ ಪೀಟ್ ಎಂಬ ಕಪ್ಪು ಪುಡಿಯ ಪುಟ್ಟ ಉಂಡೆ, ಅದರ ತುಂಬ ಬೇರು. ಈ ಪುಡಿ ಒಮ್ಮೆ ಪೂರ್ತಿ ಒಣಗಿದರೆ ಆಮೇಲೆ ನೀರನ್ನು ಹತ್ತಿರ ಸೇರಿಸುವುದಿಲ್ಲ. ಆದ್ದರಿಂದ ಟ್ರೇಗಳನ್ನು ಚೆನ್ನಾಗಿ ನೆನೆಸಿಯೇ ನೆಡಬೇಕು. ಅವಳಿಗೆ ಇದನ್ನು ಕಲಿಸಿದವಳು ಅತ್ತಿಗೆಯೇ. ಅಣ್ಣನ ಮನೆಗೆ ಬಂದು ಕೂತವಳನ್ನು ಕೆಲಸಕ್ಕೆ ಕರೆತಂದವಳೂ ಅವಳೇ. ಆದರೆ ಒಣಗಿದ ಉಂಡೆ ಗುಳಿಯಿಂದ ಬೇಗ ಜಾರಿ ಬರುತ್ತದೆ ಎನ್ನುವುದನ್ನು ನಾದಿನಿ ತಾನೇ ಕಂಡುಕೊಂಡಿದ್ದಳು. ಹಾಗೆ ನೆಟ್ಟ ದಿನ ಅವಳ ಮೇಜು ಎಲ್ಲರಿಗಿಂತ ಮೊದಲು ಮುಗಿದಿತ್ತು. "ಕೈಯಲ್ಲ ಇದು, ಮಿಷನ್ನು," ಎಂದು ಮೇಸ್ತ್ರಿ ಹೊಗಳಿದ್ದ. ಆ ಮಾತು ಅವಳಿಗೆ ಮನೆ ತಲುಪುವವರೆಗೂ ಹಿತವಾಗಿತ್ತು.

ಆ ಮೇಜಿನ ಎಲೆಗಳು ಜೋತುಬಿದ್ದಾಗ ಅವಳು ಯಾರೂ ಇಲ್ಲದ ಹೊತ್ತು ನೋಡಿ ಒಂದು ಸಸಿ ಕಿತ್ತಿದ್ದಳು. ಸುತ್ತ ಒದ್ದೆ ಮಣ್ಣು, ನಡುವೆ ಒಣ ಉಂಡೆ. ಮತ್ತೆ ಅದೇ ಕುಂಡಕ್ಕೆ ತುರುಕಿ ಕೈ ತೊಳೆದುಕೊಂಡಿದ್ದಳು.

ಮಧ್ಯಾಹ್ನ ಇಬ್ಬರೂ ಖಾಲಿ ಕ್ರೇಟುಗಳ ಮೇಲೆ ಕೂತು ಬುತ್ತಿ ಬಿಚ್ಚಿದರು.

"ಬೆಳಿಗ್ಗೆ ಗ್ಯಾಸ್ ಆರಿಸಿದ್ನೇನೇ?"

"ಆರಿಸಿದ್ರಿ ಅತ್ತಿಗೆ. ನಾನೇ ನೋಡ್ದೆ."

"ನಾಳೆ ಡಾಕ್ಟರ್ ಹತ್ರ ಹೋಗೋಣ ಅಂದೆ ನಿಮ್ಮಣ್ಣಂಗೆ. 'ನನ್ನ ಒಂದು ತಪ್ಪನ್ನೂ ಮರೆತಿಲ್ಲ ನೀನು, ನಿಂಗೇನಾಗಿದೆ' ಅಂತ ನಕ್ರು." ಅವಳೂ ನಕ್ಕಳು. ಆಮೇಲೆ ತುತ್ತನ್ನು ಡಬ್ಬಿಗೇ ಹಾಕಿದಳು. "ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು. ಮೊದಲು ಒಲೆ ಮರೆತ್ಳು. ಆಮೇಲೆ ದಾರಿ. ಕೊನೆಗೆ ನನ್ನ."

ನಾದಿನಿ ತನ್ನ ಡಬ್ಬಿ ಮುಚ್ಚಿದಳು. ಈಗ ಹೇಳಬೇಕು ಅಂದುಕೊಂಡಳು. "ನೀರು ಕೊಡ್ಲಾ?" ಎಂದಳು.

ಊಟದ ನಂತರ ಅತ್ತಿಗೆ ಚೆಂಡುಹೂವಿನ ಸಾಲಿಗೆ ನೀರು ಹಾಯಿಸಿದಳು. ತುದಿ ಮುಟ್ಟಿ ನಿಂತಳು. ಹಿಂದಕ್ಕೆ ಬಂದು ಒಂದು ಕುಂಡದೊಳಗೆ ಬೆರಳಿಟ್ಟು, ಬೆರಳನ್ನೇ ನೋಡಿದಳು. ಪಕ್ಕದ ಕುಂಡಕ್ಕೂ ಬೆರಳಿಟ್ಟಳು.

"ಈ ಸಾಲು ಆಯ್ತೇನೇ?" ಎಂದು ಕೂಗಿದಳು. ಅವಳ ಕಾಲಡಿಯಲ್ಲೇ ನೀರು ಹರಿಯುತ್ತಿತ್ತು.

ನಾದಿನಿ ಎದ್ದಳು. ಬಾಡಿದ ಮೇಜಿನಿಂದ ಒಂದು ಸಸಿ ಕಿತ್ತು ತಂದು, ಅತ್ತಿಗೆಯ ಕಣ್ಣೆದುರಿಗೇ ಬೇರಿನ ಉಂಡೆಯನ್ನು ಎರಡಾಗಿ ಮುರಿದಳು. ಒಳಗಿಂದ ನಶ್ಯದಂಥ ಪುಡಿ ಉದುರಿತು.

ಅತ್ತಿಗೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಪುಡಿಯನ್ನು ಬೆರಳ ನಡುವೆ ಉಜ್ಜಿದಳು.

"ಹಾಗಾದ್ರೆ ನಾನು ಹಾಕಿದ್ದೆ," ಎಂದಳು. ಮುಖ ಅರಳಿತು. "ಹಾಕಿದ್ದೆ ಕಣೇ!"

"ನೆನೆಸದೆ ನೆಟ್ಟೆ ಅತ್ತಿಗೆ. ಬೇಗ ಮುಗೀಲಿ ಅಂತ."

"ಯಾವಾಗ ಗೊತ್ತಾಯ್ತು?"

"ಬಾಡಿದ ದಿನಾನೇ."

ಅತ್ತಿಗೆ ಪೈಪನ್ನು ಕೆಳಗೆ ಹಾಕಿದಳು. "ಈಗ ಉಣ್ಣುವಾಗ್ಲೂ ಗೊತ್ತಿತ್ತು," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಸೆರಗಿಗೆ ಕೈ ಒರೆಸಿ ಗಂಡನಿಗೆ ಫೋನ್ ಮಾಡಿದಳು. "ರೀ, ನಾಳೆ ಡಾಕ್ಟರ್ ಬೇಡ... ಏನಿಲ್ಲ. ನೀರು ಹಾಕಿದ್ದೆ ಕಣ್ರೀ ನಾನು... ಯಾರ ತಪ್ಪೋ, ಇರ್ಲಿ ಬಿಡಿ."

"ಮೇಸ್ತ್ರಿಗೆ ನಾನೇ ಹೇಳ್ತೀನಿ," ಎಂದಳು ನಾದಿನಿ.

"ಹೇಳು. ಹೇಳ್ದೆ ಇನ್ನೇನು." ಅವಳು ನಾದಿನಿಯ ಮುಖ ನೋಡಲಿಲ್ಲ. "ಮೊದಲು ಬಕೆಟ್ಟಿಗೆ ನೀರು ತುಂಬಿಸು. ಕೆಲವಾದ್ರೂ ಉಳೀಬಹುದು. ಒಂದೊಂದೇ ಅದ್ದು. ಗುಳ್ಳೆ ನಿಲ್ಲೋವರೆಗೂ ಕೈ ತೆಗೀಬೇಡ."

ಅತ್ತಿಗೆ ಪೈಪು ಎತ್ತಿಕೊಂಡು ಮುಂದಿನ ಸಾಲಿಗೆ ಹೋದಳು. ಈ ಸಲ ಬೆರಳಿಟ್ಟು ನೋಡಲಿಲ್ಲ.

ನಾದಿನಿ ಮೊದಲ ಕುಂಡವನ್ನು ನೀರಿಗಿಳಿಸಿದಳು. ಅದು ಮೇಲಕ್ಕೇ ಬರಲು ನೋಡುತ್ತಿತ್ತು. ಎರಡೂ ಕೈಯಿಂದ ಒತ್ತಿ ಹಿಡಿದಳು. ಗುಳ್ಳೆಗಳು ಏಳುತ್ತಲೇ ಇದ್ದವು.