ಬಾಳೆಯ ಕರೆ

ಮೊಣಕೈಯಿಂದ ಹುಲ್ಲು ಸರಿಸುತ್ತ, ಮೊದಲು ತಲೆ, ಆಮೇಲೆ ಒಂದು ಭುಜ, ಅಷ್ಟರಲ್ಲಿ ಬೆಳಕು ಕಣ್ಣಿಗೆ ಬಡಿದು ಸಲಾವುದ್ದೀನ್ ಅಲ್ಲೇ ತಡೆದ, ಬಾರೋ ಹೊರಗ, ಎಲ್ಲಾ ತಣ್ಣಗಾಗ್ಯಾದ, ಹೌದು, ಗುಂಡಮ್ಮನದೇ ದನಿ, ಬಾಗಿಲ ಮೇಲೆ ಅವಳದೇ ಕೈ, ಬಾಳೆಯ ಕರೆ ಹತ್ತಿ ಕಪ್ಪಾದ ಅಂಗೈ, ಎಷ್ಟು ತಿಕ್ಕಿದರೂ ಹೋಗದ ಕಪ್ಪು — ಬಾಳೆ ಮಾಗಿಸುವ ಈ ಹೊಗೆಯ ಕೋಣೆಗೆ ಅವನನ್ನು ನೂಕಿ ಬಾಗಿಲು ಎಳೆದದ್ದೂ ಅದೇ ಕೈ, ನಿಜಾಮನ ಫೌಜು ಶರಣಾದ ಸುದ್ದಿ ಕಮಲಾಪುರಕ್ಕೆ ಮುಟ್ಟಿದ ದಿನ, ಕೊಡಲಿ ಹಿಡಿದವರು ನಿಜಾಮನ ಸಾಹೇಬ ಎಲ್ಲಿ ಎಂದು ಓಣಿ ಓಣಿ ತಿರುಗಿದ ದಿನ. ಇಕ್ಬಾಲ್? ಎಂದ, ಅದೊಂದೇ ಮಾತು ಬಂತು, ಇಷ್ಟು ದಿನ ಹುಲ್ಲಿನೊಳಗೆ ಹಲ್ಲಿನಡಿ ಹಿಡಿದುಕೊಂಡಿದ್ದ ಹೆಂಡತಿಯ ಹೆಸರು, ನಿನ್ನ ಹೇಣ್ತಿ ಕಲಬುರ್ಗಿಯಾಗ, ರೋಜಾ ಓಣ್ಯಾಗ, ತನ್ನ ಅಣ್ಣನ ಮನ್ಯಾಗ ಅರಾಮ್ ಇದ್ದಾಳ, ನಮ್ಮ ಆಳು ದೇವಿಂದ್ರಪ್ಪ ಕಣ್ಣಾರೆ ನೋಡಿ ಬಂದಾನ, ಗಂಡ ಬದುಕ್ಯಾನ ಅಂದಕೂಡ್ಲೆ ಎರಡು ರೊಟ್ಟಿ ಹೆಚ್ಚಿಗಿ ತಿಂದಳಂತ, ಸಾಕೇನು? ಸಾಕು, ಸಾಕು, ಹೊಸ್ತಿಲ ಮೇಲೆ ಕೂತುಬಿಟ್ಟ, ಗಾಳಿ, ಎಂಥ ಗಾಳಿ, ಹೊಗೆಯಿಲ್ಲದ್ದು, ಎದೆಯ ತಳದವರೆಗೆ ಇಳಿಯುವಂಥದು.

ಏನೇನು ಆಗಿ ಹೋಯಿತು, ಕಲಬುರ್ಗಿ ಕಚೇರಿಯ ಗುಮಾಸ್ತ, ಆಮೇಲೆ ಹೈದರಾಬಾದು, ಆಮೇಲೆ ದೆಹಲಿಯಲ್ಲಿ ಸರ್ಕಾರ್-ಎ-ಆಲಿಯ, ಅಂದರೆ ನಿಜಾಮನ, ಪರವಾಗಿ ಮಾತಾಡುವ ಹುದ್ದೆ, ಹೌದೆನ್ನದೆ ಇಲ್ಲವೆನ್ನದೆ ಒಂದು ಇಡೀ ಸಂಜೆ ದಾಟಿಸುವ ವಿದ್ಯೆ, ಮತ್ತು ಬುಟ್ಟಿಗಳು, ಗುಂಡಮ್ಮನ ತೋಟದ ಕೆಂಪು ಬಾಳೆ, ಇದೇ ಕೋಣೆಯಲ್ಲಿ ಹುಲ್ಲು ಮುಚ್ಚಿ, ಹೊಗೆ ಕೊಟ್ಟು ಅಡಿ ಹಾಕಿ ಅರ್ಧ ಮಾಗಿದಾಗಲೇ ರೈಲಿಗೇರಿಸಿದರೆ ದೆಹಲಿ ಮುಟ್ಟುವಾಗ ಸರಿಯಾಗಿ ಹಣ್ಣು, ದೊಡ್ಡ ದೊಡ್ಡ ಬಂಗಲೆಗಳಿಗೆ ಒಂದೊಂದು ಬುಟ್ಟಿ, ಹಣ್ಣು ತಿಂದವನು ಸಿಟ್ಟನ್ನು ನಾಳೆಗೆ ಇಡುತ್ತಾನೆ, ಕೊಟ್ಟದ್ದನ್ನು ಯಾರೂ ತಿರುಗಿ ಕಳಿಸಿದ್ದಿಲ್ಲ. ಎಷ್ಟು ಕೈ ಕುಲುಕಿದ್ದ, ಮೆತ್ತಗಿನ ಕೈ, ಅತ್ತರಿನ ಕೈ, ಒಂದೂ ನೆನಪಿಗೆ ಬರುತ್ತಿಲ್ಲ, ಬರುವುದು ಬಾಗಿಲ ಸಂದಿಯಲ್ಲಿ ಕಂಡ ಈ ಕಪ್ಪು ಅಂಗೈ ಮಾತ್ರ, ಕೊಡಲಿಗಳ ಎದುರು ಎತ್ತಿ ಹಿಡಿದದ್ದು, ಅಡಿ ಹಾಕೀನಿ, ಬಾಗಿಲಾ ತೆಗದ್ರ ಹಣ್ಣು ಕೆಡ್ತಾವ, ಕೆಟ್ಟ್ರ ನಿಮ್ಮ ನಿಮ್ಮ ಮನಿ ಮುಂದ ತಂದು ಸುರೀತೀನಿ ನೋಡ್ರಿ — ಅವರು ಹೋದರು, ಅವಳ ಬಾಯಿಗೆ ಹೆದರಿಯೋ ಏನೋ. ಹುಲ್ಲಿನಲ್ಲಿ ಮೊದಲೇ ಒಂದು ಮೈಯ ತಗ್ಗು ಇತ್ತು, ಹ್ವಾದ ತಿಂಗಳ ರಜಾಕಾರರಿಗಿ ಅಂಜಿ ನಮ್ಮ ಓಣಿ ಮಾಣಿಕಪ್ಪ ಇಲ್ಲೇ ಮಕ್ಕೊಂಡಿದ್ದ ಎಂದು ಗುಂಡಮ್ಮ ಬಾಗಿಲಾಚೆಯಿಂದಲೇ ಹೇಳಿದ್ದಳು, ಹೋದ ತಿಂಗಳು, ಅಂದರೆ ನಮ್ಮ ರಾಜ್ಯದಲ್ಲಿ ಎಲ್ಲ ಶಾಂತವಾಗಿದೆ ಎಂದು ಮಾತುಕತೆ ಮುರಿದು ಊರಿಗೆ ಮರಳುವ ಮೊದಲು ದೆಹಲಿಯ ಸೋಫಾಗಳ ಮೇಲೆ ಕೂತು ಇವನು ಹೇಳುತ್ತಿದ್ದಾಗ, ಆ ತಗ್ಗಿನಲ್ಲಿಯೇ ಇವನ ಬೆನ್ನೂ ಸರಿಯಾಗಿ ಕೂತಿತ್ತು.

ನನ್ನ ಬಾಳೆಹಣ್ಣು ದಿಲ್ಲಿಗಿ ಕಳಿಸಿ ಕಳಿಸಿ, ಕಡೀಕ ನಿಜಾಮನ ರಾಜ್ಯಾನೂ ಬುಟ್ಟ್ಯಾಗ ಹಾಕಿ ಕಳಿಸಿಬಿಟ್ಟಿ ನೋಡು, ಎಂದಳು ಗುಂಡಮ್ಮ, ನಗು ಬಂತು, ಕೆಮ್ಮು ಬಂತು, ಎರಡೂ ಸೇರಿ ಕಣ್ಣಲ್ಲಿ ನೀರು, ಇನ್ನು ಯಾರ ಪರವಾಗಿಯೂ ಮಾತಾಡಬೇಕಾಗಿಲ್ಲ, ಹುದ್ದೆ ಹೋಯಿತು, ಹೋಗಲಿ, ಇಕ್ಬಾಲ್ ರೊಟ್ಟಿ ತಿಂದಳಂತೆ. ಅಂಗಿಯೊಳಗೆ ದರ್ಬಾರಿನ ಸೊಂಟಪಟ್ಟಿ ಇನ್ನೂ ಬಿಗಿದೇ ಇತ್ತು, ಬಂಗಾರದ ಬಿಲ್ಲೆ ಹೊಟ್ಟೆಯಲ್ಲಿ ನೆಟ್ಟು ಗಾಯವಾಗಿತ್ತು, ಬಿಚ್ಚಿದ, ಆಹಾ, ಬಿಲ್ಲೆಯನ್ನು ಎರಡೂ ಕೈಯಲ್ಲಿ ಚಾಚಿದ, ಮಾತು ತಾನಾಗಿಯೇ ಸಾಲುಗಟ್ಟಿತು, ದೆಹಲಿಯ ಮಾತು, ಅವ್ವಾ, ಇದು ಋಣ ತೀರಿಸೋದಲ್ಲ, ಬರೇ ಒಂದು ನೆನಪು, ನೀ ತಗೊಂಡ್ರ ನನಗ ಸಮಾಧಾನ, ಇನ್ನೂ ಇತ್ತು, ಇನ್ನೂ ಮೃದುವಾದದ್ದು — ಮಾಣಿಕಪ್ಪನೂ ಕೈಯಾಗಿನ ಕಡಗಾ ಬಿಚ್ಚಿ ಹಿಂಗೇ ಹಿಡಿದಿದ್ದ ಎಂದಳು ಅವಳು, ನೀ ಏನಂದಿ ಎಂದ ಸಲಾವುದ್ದೀನ್, ಅವಳು ಅಂಗೈ ಎತ್ತಿ ಬಿಲ್ಲೆಗೆ ಅಡ್ಡ ಹಿಡಿದಳು, ಕೊಡಲಿಗಳಿಗೆ ಹಿಡಿದ ಹಾಗೆಯೇ, ಬಂಗಾರ ಕಾಣಲಿಲ್ಲ, ಆ ಕಪ್ಪು ಅಂಗೈ, ಅದೊಂದೇ, ಒಲ್ಲೆ, ಎಂದಳು.