ತೊಳೆಯದ ಕಂಬಳಿ

"ಬಿಡು ಅಂದೆ, ಬಿಡು!" ಎಂದು ಹಿರಿಯ ಮಗ ಕಂಬಳಿಯ ಒಂದು ತುದಿ ಹಿಡಿದು ಜಗ್ಗಿದ. ಇನ್ನೊಂದು ತುದಿ ಕಿರಿಯ ಸೊಸೆಯ ಮುಷ್ಟಿಯಲ್ಲಿತ್ತು. ನಡುವೆ ಚಾಪೆಯ ಮೇಲೆ ಮುದುಕಿಯ ಹೆಣ. ಬದುಕಿದ್ದರೆ ಇಬ್ಬರ ಕೆನ್ನೆಗೂ ಒಂದೊಂದು ಬಿಟ್ಟಿರುತ್ತಿದ್ದಳು.

"ಭಾವ, ಅತ್ತೆಗೆ ಹೊಸ ಶಾಲು ಹೊದಿಸಿ. ಇದು ಮಣ್ಣಿಗೆ ಹೋಗಬಾರದು."

"ಅಮ್ಮ ಜೀವಮಾನವೆಲ್ಲ ಹೊದ್ದದ್ದು ಇದನ್ನೇ. ಹೆಣದ ಮೇಲಿನ ಕಂಬಳಿಗೂ ಆಸೆಪಡ್ತೀಯಲ್ಲ, ನಾಚಿಕೆ ಆಗಲ್ವಾ?"

ನೆಂಟರು ತಲೆಯಾಡಿಸಿದರು. ಪೇಟೆಯಲ್ಲಿ ಗಾಡಿ ಮಾಡಿಸಿ ಮಾರುವ ಹಿರಿಯ ಮಗನ ಮಾತಿಗೆ ತೂಕವಿತ್ತು. ದೊಡ್ಡಿ ಗುಡಿಸುವವಳ ಮಾತನ್ನು ಯಾರು ಕೇಳುತ್ತಾರೆ? ಅವಳ ಗಂಡ ಬಾಯಿಗೆ ಬೀಗ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಹೊರಗೆ ಗುಮರಿಗಳು ಬೆಳಗಿನಿಂದ ಕೂಗುತ್ತಿದ್ದವು. ಅವುಗಳ ಕೆಚ್ಚಲು ಬಿಗಿದು ಕಲ್ಲಾಗಿತ್ತು.

ಆ ಬಯಲಲ್ಲಿ ಹುಲ್ಲು ಬಿಟ್ಟರೆ ಏನೂ ಬೆಳೆಯದು. ಹುಲ್ಲು ಗುಮರಿಗೆ, ಗುಮರಿಯ ಹಾಲು ಜನಕ್ಕೆ. ಕುದುರೆಯಷ್ಟು ಎತ್ತರ, ಕುರಿಯಂಥ ಉಣ್ಣೆ, ಕಣ್ಣು ಮಂದ; ಅದಕ್ಕೆ ಲೋಕವೆಲ್ಲ ಮೂಗಿನಲ್ಲಿ. ಗುರುತಿನ ವಾಸನೆ ಇಲ್ಲದವರು ಕರೆಯಲು ಕೂತರೆ ಹನಿ ಹಾಲು ಇಳಿಸದು, ಒದೆ ಮಾತ್ರ ಧಾರಾಳ. ಅದಕ್ಕೇ ಹಾಲು ಕರೆಯುವವಳು ಒಂದೇ ಕಂಬಳಿ ಹೊದೆಯುತ್ತಾಳೆ, ಎಂದೂ ತೊಳೆಯುವುದಿಲ್ಲ. ಅವಳ ನಂತರ ಅದು ಮುಂದಿನವಳ ಹೆಗಲಿಗೆ. ಹಿರಿಯ ಮಗ ಇದನ್ನು ಮರೆತಿದ್ದ. ಪೇಟೆಯಲ್ಲಿ ಹಾಲು ಪಾತ್ರೆಯಲ್ಲೇ ಬರುತ್ತದೆ.

*

ಹಿಂದೆ ಹಿರಿಯ ಮಗನ ಮಗಳ ಮದುವೆಯಲ್ಲಿ ಮುದುಕಿಯನ್ನು ಹೊರಗಿನ ಮೆಟ್ಟಿಲ ಮೇಲೆ ಕೂರಿಸಿದ್ದರು.

"ಅಮ್ಮ, ಬೀಗರು ಮೂಗು ಮುಚ್ಕೊಳ್ತಿದಾರೆ. ಇವತ್ತೊಂದಿನ ಆ ಕಂಬಳೀನ ತೆಗೆದಿಡು."

"ನಾನು ತೆಗೆದಿಟ್ಟರೆ ನಾಳೆ ನಿನ್ನ ಬೀಗರು ಬಂದು ಹಾಲು ಕರೀತಾರೇನೋ?"

ಕಿರಿಯ ಸೊಸೆ ಅವಳ ತಟ್ಟೆಯನ್ನು ಮೆಟ್ಟಿಲಿಗೇ ತಂದಿದ್ದಳು. "ಅತ್ತೆ, ಇನ್ನು ಸಾಕು. ಕಂಬಳಿ ನನಗೆ ಕೊಡಿ, ನಾನು ಕರೀತೀನಿ."

"ನಾನಿನ್ನೂ ಸತ್ತಿಲ್ಲ ಕಣೆ. ಸತ್ತ ಮೇಲೆ ಕೇಳದೇನೇ ತಗೋ," ಎಂದು ಮುದುಕಿ ತಟ್ಟೆ ಕಸಿದುಕೊಂಡಿದ್ದಳು. ಉಪ್ಪಿಲ್ಲ ಎಂದು ಬೇರೆ ಬೈದಿದ್ದಳು. ಸೊಸೆಗೆ ಮೈಯೆಲ್ಲ ಉರಿದುಹೋಗಿತ್ತು.

*

ಕಂಬಳಿ ಹೊದಿಸಿಯೇ ಗುಂಡಿಗೆ ಇಳಿಸಿದರು. "ಎಂಥಾ ಮಗ ನೋಡಿ, ಎಂಥಾ ಮರ್ಯಾದೆ!" ಎಂದರು ಯಾರೋ. ಹಿರಿಯ ಮಗ ಮೊದಲ ಹಿಡಿ ಮಣ್ಣಿಗೆ ಬಗ್ಗಿದ. ಅವನ ಇನ್ನೊಂದು ಕೈಯಲ್ಲಿ ಕರವಸ್ತ್ರವಿತ್ತು. ಅದು ಕಣ್ಣಿನ ಮೇಲಲ್ಲ, ಮೂಗಿನ ಮೇಲಿತ್ತು.

ಸೊಸೆ ಅದನ್ನು ಕಂಡಳು.

"ಅವತ್ತು ಮದುವೇಲಿ ನಿಮ್ಮ ಬೀಗರು ಮೂಗು ಮುಚ್ಕೊಂಡ್ರು, ಇವತ್ತು ನೀವೇ ಮುಚ್ಕೊಂಡ್ರಿ! ಈ ನಾತ ಉಂಡೇ ಇಷ್ಟುದ್ದ ಬೆಳೆದ್ರಲ್ಲ ಭಾವ, ಆಗ ವಾಸನೆ ಬರಲಿಲ್ವಾ?" ಎನ್ನುತ್ತಲೇ ಗುಂಡಿಗೆ ಧುಮುಕಿದಳು.

"ಅಯ್ಯೋ, ಆ ಹುಚ್ಚೀನ ಮೇಲಕ್ಕೆ ಎಳೀರೋ!" ಎಂದು ಹಿರಿಯ ಮಗ ಕೂಗಿದ.

"ಸುಮ್ನಿರಣ್ಣ," ಎಂದ ಅವಳ ಗಂಡ. ಅವನ ಬಾಯಿಂದ ಆ ದಿನ ಹೊರಟ ಮೊದಲ ಮಾತು ಅದು.

ಅವಳು ಕಂಬಳಿ ಬಿಡಿಸಿಕೊಂಡಳು. ತನ್ನ ಶಾಲು ತೆಗೆದು ಅತ್ತೆಯ ಕತ್ತಿನ ಸುತ್ತ, ಕಾಲಿನ ಅಡಿಗೆ ಒತ್ತಿ ಒತ್ತಿ ಹೊದಿಸಿದಳು. "ಕೇಳದೇನೇ ತಗೊಂಡೆ, ಆಯ್ತಾ?" ಎಂದಳು, ಸಿಟ್ಟಿನಿಂದಲೇ. ಗಂಡ ಕೈ ನೀಡಿ ಮೇಲಕ್ಕೆ ಎಳೆದುಕೊಂಡ.

ಅವಳು ಯಾರನ್ನೂ ನೋಡದೆ ದೊಡ್ಡಿಗೆ ನಡೆದು, ಕೂಗುತ್ತಿದ್ದ ಮುದಿ ಗುಮರಿಯ ಪಕ್ಕ ಕುಕ್ಕರಿಸಿದಳು. ಅದು ಕಂಬಳಿಯನ್ನು ಮೂಸಿತು. ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ ಎನ್ನುವಂತೆ ಹೆಗಲಿಗೊಂದು ಗುದ್ದಿತು. ಆಮೇಲೆ ಹಾಲು ಇಳಿಸಿತು.

ಅವಳು ಪಾತ್ರೆ ತರುವುದನ್ನೇ ಮರೆತಿದ್ದಳು. ಗುಂಡಿಯ ಮಣ್ಣು ಮೆತ್ತಿದ ಅವಳ ಕೈಗಳ ಮೇಲೆ ಹಾಲು ಬಿಸಿಬಿಸಿಯಾಗಿ ಸುರಿಯುತ್ತಿತ್ತು.