ಸೈಬ್ರಾಂಡನ ಹುಲ್ಲುಗಾವಲಿನ ಅಚ್ಚು

ಹಾರ್ಲೆಮ್ ಊರಿನ ವೌಟರ್ ತಾಮ್ರದ ತಗಡಿಗೆ ಮೇಣ ಸವರಿ, ಸೂಜಿಯಿಂದ ಹಳ್ಳಿಗಾಡಿನ ಚಿತ್ರ ಗೀರುವವನು. ಅವನು ಗೀರುತ್ತಿದ್ದುದು ಮೇಣವನ್ನಷ್ಟೇ. ಮುಂದಿನದೆಲ್ಲ ಹೆಂಡತಿ ಹಿಲ್ಲೆಯ ಪಾಲು. ಅವಳು ತಗಡನ್ನು ಆಸಿಡ್ಡಿನಲ್ಲಿ ಮುಳುಗಿಸಿದರೆ ಮೇಣ ಹೋದ ಕಡೆಯೆಲ್ಲ ತಾಮ್ರ ಕರಗಿ ಗೆರೆ ಬೀಳುತ್ತಿತ್ತು. ಹೆಚ್ಚು ಹೊತ್ತು ಬಿಟ್ಟಷ್ಟೂ ಗೆರೆ ಆಳ, ಕಾಗದದ ಮೇಲೆ ಒತ್ತಿದ ಅಚ್ಚಿನಲ್ಲಿ ಅಷ್ಟೇ ಕಪ್ಪು. ಹತ್ತಿರದ್ದು ಕಪ್ಪಗೆ, ದೂರದ್ದು ತೆಳ್ಳಗೆ ಬರಲೆಂದು, ಸಾಕೆನಿಸಿದ ಕಡೆ ಆಸಿಡ್ ತಾಗದಂತೆ ವಾರ್ನಿಷ್ ಬಳಿದು ಮತ್ತೆ ಮುಳುಗಿಸಬೇಕು. ಮೂವತ್ತು ವರ್ಷ ಅವನು ಪಕ್ಕದಲ್ಲಿ ನಿಂತು "ಸಾಕು, ತೆಗಿ" ಅನ್ನುತ್ತಿದ್ದ, ಅವಳು ತೆಗೆಯುತ್ತಿದ್ದಳು.

ಆ ವಸಂತದಲ್ಲಿ ವೌಟರನ ಕಣ್ಣು ಮಂಜಾಯಿತು. ಊರಾಚೆಯ ರೈತ ಸೈಬ್ರಾಂಡನ ಹುಲ್ಲುಗಾವಲನ್ನು ಹೇಗೋ ಗೀರಿ ಮುಗಿಸಿದ. ಆಸಿಡ್ಡಿನೊಳಗಿನ ಗೆರೆ ಮಾತ್ರ ಕಾಣಲೊಲ್ಲದು.

"ಈ ಸಲ ನೀನೇ ನೋಡ್ಕೋ," ಅಂದ.

"ಆ ಜಾಗಾನೇ ನಾನು ನೋಡಿಲ್ವಲ್ರೀ. ಯಾವ್ದು ಹತ್ರ, ಯಾವ್ದು ದೂರ ಅಂತ ಹೇಗೆ ಗೊತ್ತಾಗ್ಬೇಕು?"

"ಮೂವತ್ತು ವರ್ಷ ಇಲ್ಲಿ ಕೂತು ಚೀಸ್ ಮಾಡ್ತಿದ್ಯಾ?"

"ಮಾಡಿದ್ರೆ ತಿನ್ನೋಕಾದ್ರೂ ಸಿಕ್ತಿತ್ತು!" ಎನ್ನುತ್ತಾ ಹಿಲ್ಲೆ ಮರದ ಜೋಡು ಮೆಟ್ಟಿ ಹೊರಟೇಬಿಟ್ಟಳು.

ಸೈಬ್ರಾಂಡನ ಹುಲ್ಲುಗಾವಲಿನ ಕಾಲುವೆಯ ದಂಡೆಯಲ್ಲಿ ಕೂತು ನೋಡಿದಳು. ಎದುರಿಗೇ ಗಂಟುಗಂಟಾದ ವಿಲೋ ಮರ, ಆಚೆ ಹುಲ್ಲು, ತೀರಾ ಕೊನೆಗೆ ನೀರು ತಡೆಯುವ ಮಣ್ಣಿನ ಒಡ್ಡು. ಒಡ್ಡು ಇದ್ದೂ ಇಲ್ಲದ ಹಾಗಿತ್ತು.

"ಏನಮ್ಮಾ, ಏನಾದ್ರೂ ಕಳ್ಕೊಂಡ್ರಾ?" ಹಾಲು ಕರೆಯುತ್ತಿದ್ದ ಹೆಂಗಸು ಕೂಗಿದಳು.

"ಇಲ್ಲಮ್ಮ, ಒಡ್ಡು ಎಷ್ಟು ದೂರ ಅಂತ ನೋಡ್ತಿದೀನಿ."

"ಕೂತ್ರೆ ಬರಲ್ಲ. ನಡೆದ್ರೆ ಅರ್ಧ ಗಂಟೆ!"

ಮರುದಿನ ಹಿಲ್ಲೆ ತಗಡನ್ನು ಆಸಿಡ್ಡಿಗಿಳಿಸಿ, ವೌಟರ್ ಬಿಡಲು ಹೇಳುತ್ತಿದ್ದ ಹೊತ್ತಿನ ಅರ್ಧಕ್ಕೇ ಹೊರತೆಗೆದು, ಒಡ್ಡಿನ ಗೆರೆಗಳನ್ನು ವಾರ್ನಿಷ್ ಬಳಿದು ಮುಚ್ಚಿದಳು. ಮರದ ಗೆರೆಗಳನ್ನು ಮಾತ್ರ ಮತ್ತೆ ಆಸಿಡ್ಡಿಗೆ ಬಿಟ್ಟು, ಏಳುವ ಗುಳ್ಳೆಗಳನ್ನು ಹಕ್ಕಿಗರಿಯಿಂದ ಸವರುತ್ತಾ ನಿಂತಳು.

"ಇನ್ನೂ ತೆಗೀಲಿಲ್ವಾ? ತಿಂದು ಹಾಕುತ್ತೆ ಅದು!" ವೌಟರ್ ಕುರ್ಚಿಯಿಂದ ಎದ್ದ.

"ಸುಮ್ನೆ ಕೂತ್ಕೊಳ್ಳಿ."

ಹಾಗೆ ಅವಳು ಎಂದೂ ಅಂದವಳಲ್ಲ. ಅವನು ಕೂತ.

ಗೆರೆಗಳಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹಾಸಿ ಇಬ್ಬರೂ ಸೇರಿ ಅಚ್ಚೊತ್ತುವ ಯಂತ್ರದ ಉರುಳೆ ತಿರುಗಿಸಿದರು. ವೌಟರ್ ಕಾಗದವನ್ನು ಕಿಟಕಿಗೆ ಒಯ್ದು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದ.

"ಮರ ಕಾಣುತ್ತೆ," ಅಂದ. "ಒಡ್ಡು ಕಾಣಲ್ಲ."

"ಅಲ್ಲಿ ಅದು ಕಾಣೋದೇ ಅಷ್ಟು ಕಣ್ರೀ," ಅಂದಳು ಹಿಲ್ಲೆ.

"ಹೌದು. ನನ್ನ ಕಣ್ಣು ಚೆನ್ನಾಗಿದ್ದಾಗ್ಲೂ ದೂರದ್ದು ಅಷ್ಟೇ ಕಾಣ್ತಿತ್ತು. ಕೊಳ್ಳೋರು ಏನಂತಾರೋ ಅಂತ ಹೆದರಿ ಅದನ್ನೂ ಕಪ್ಪು ಮಾಡಿಸ್ತಿದ್ದೆ."

ಆಮೇಲೆ ಸೂಜಿ ಕೇಳಿದ. ತಗಡಿನ ಮೂಲೆಯಲ್ಲಿದ್ದ ತನ್ನ ಹೆಸರಿನ ಪಕ್ಕ ಅವಳದನ್ನೂ ಕೊರೆಯಲು ಹೊರಟ. ಸೂಜಿಯ ಮೊನೆ ಎಲ್ಲಿದೆಯೋ ಕಾಣಲಿಲ್ಲ. ಹಿಲ್ಲೆಯೇ ಸೂಜಿ ಇಸಿದುಕೊಂಡು, ಅಚ್ಚಿನಲ್ಲಿ ನೆಟ್ಟಗೆ ಬರಲೆಂದು ಅಕ್ಷರಗಳನ್ನು ತಿರುಗುಮುರುಗಾಗಿ, ಒಂದೊಂದಾಗಿ, ತಾನೇ ಕೊರೆದುಕೊಂಡಳು.